ಹಳೆಯದನ್ನು ಎಸೆಯದ ಯೋಗೀಶ್

ಕಾಪುವಿನ ಯೋಗೀಶ್ ಕಲಿತದ್ದು ಎಂಟನೆಯ ಕ್ಲಾಸು. ಇಪ್ಪತ್ತು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದವನು ಈಗ ಪರ್ಕಳದ ಸಣ್ಣ ಕಂಪನಿಯೊಂದರ ಸರ್ವರ್ ನೋಡಿಕೊಳ್ಳುತ್ತಾನೆ. ಪ್ರೋಗ್ರಾಂ ಬರೆಯುವವಳು ಶ್ರೇಯಾ. ಅವಳು ಕೊಟ್ಟ ಫೈಲುಗಳನ್ನು ಸರ್ವರಿಗೆ ಹಾಕುವುದು ಇವನ ಕೆಲಸ.

ಆ ಬೆಳಿಗ್ಗೆ ಅವನು ಸರ್ವರ್ ಆಫ್ ಮಾಡಿ ಆನ್ ಮಾಡಿದ್ದೇ ತಡ, ಮೀನಿನ ಲಾರಿಗಳಿಗೆ ಪಾಸ್ ಕೊಡಲು ಶ್ರೇಯಾ ಜಾವಾದಲ್ಲಿ ಬರೆದ ಸರ್ವಿಸ್ ನಿಂತುಹೋಯಿತು. ಎಕ್ಸ್‌ಎಂಎಲ್ ಎಂಬ ನಮೂನೆಯಲ್ಲಿ ಬಂದ ಅರ್ಜಿಗಳನ್ನು ಓದಲು ಅದಕ್ಕೆ ಆಗುತ್ತಿರಲಿಲ್ಲ. ಒಂಬತ್ತು ಲಾರಿಗಳು ಬಿಸಿಲಿನಲ್ಲಿ ನಿಂತಿದ್ದವು, ಐಸು ಕರಗುತ್ತಿತ್ತು.

"ಎಂತ ಬರೆದದ್ದು ನೀನು? ಬಂಗುಡೆ ಕೊಳೆತರೆ ನೀನು ತಿನ್ನುತ್ತೀಯಾ?" ಎಂದು ಯೋಗೀಶ್ ಶ್ರೇಯಾಳ ಮೇಲೆ ಕೂಗಾಡಿದ.

"ನನ್ನ ಕಂಪ್ಯೂಟರಿನಲ್ಲಿ ಸರಿ ಉಂಟು ಯೋಗೀಶಣ್ಣ. ಎಕ್ಸ್‌ಎಂಎಲ್ ಓದುವ ಹೊಸ ಲೈಬ್ರರಿ ಫೈಲು ಹಾಕಿದ್ದೀರಲ್ವಾ?"

"ಸೋಮವಾರವೇ ಹಾಕಿದ್ದೇನೆ!"

"ಹಳೆಯದು?"

"ಅದೂ ಅಲ್ಲೇ ಉಂಟು. ಹೆಸರಿಗೆ 'ಓಲ್ಡ್' ಅಂತ ಸೇರಿಸಿದ್ದೇನೆ. ಓಡುತ್ತಿದ್ದ ಸಾಮಾನನ್ನು ಯಾರು ಮಾರಾಯ್ತಿ ಎಸೆಯುವುದು?"

ಶ್ರೇಯಾ ಹಣೆ ಚಚ್ಚಿಕೊಂಡಳು. "ಜಾವಾ ಹೆಸರು ನೋಡುವುದಿಲ್ಲ. ಆ ಫೋಲ್ಡರಿನಲ್ಲಿರುವ ಎರಡನ್ನೂ ಎತ್ತಿಕೊಳ್ಳುತ್ತದೆ. ಒಂದು ಬೋಟಿನ ಚುಕ್ಕಾಣಿ ಹಿಡಿಯಲು ಇಬ್ಬರು ತಾಂಡೇಲರು!"

"ಹಾಗಾದರೆ ನಿನ್ನೆವರೆಗೆ ಹೇಗೆ ಓಡಿತು?"

"ಚಾಲೂ ಆಗುವಾಗ ಮೊದಲು ಸಿಕ್ಕಿದ್ದನ್ನೇ ಅದು ಬಳಸುವುದು. ನಿನ್ನೆವರೆಗೆ ಹೊಸದು ಮೊದಲು ಸಿಕ್ಕಿರಬೇಕು. ಇವತ್ತು ನೀವು ಆಫ್ ಮಾಡಿ ಆನ್ ಮಾಡಿದಾಗ ಹಳೆಯದು."

ಇದು ಅವನ ತಲೆಗೆ ಹತ್ತಲಿಲ್ಲ. ಪೆಟ್ಟಿಗೆಯಲ್ಲಿಟ್ಟ ಹಳೆಯ ನೋಝಲ್ ತಾನಾಗಿ ಎದ್ದು ಎಂಜಿನಿನೊಳಗೆ ಕೂತದ್ದನ್ನು ಅವನು ಎಂದೂ ಕಂಡವನಲ್ಲ. ಆದರೂ ಆ ಹಳೆಯ ಫೈಲನ್ನು ಪೆನ್‌ಡ್ರೈವಿಗೆ ಸಾಗಿಸಿ, ಸರ್ವಿಸನ್ನು ಮತ್ತೆ ಚಾಲೂ ಮಾಡಿದ. ಪಾಸುಗಳು ಒಂದೊಂದಾಗಿ ಹೊರಟವು, ಲಾರಿಗಳೂ ಹೊರಟವು.

ಯೋಗೀಶ್ ಪೆನ್‌ಡ್ರೈವನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿದ. ಸ್ವಲ್ಪ ಹೊತ್ತು ಅದನ್ನೇ ಒತ್ತಿ ಹಿಡಿದು ಕೂತ.

"ಇಲ್ಲಿಂದ ಇದು ತಾನಾಗಿ ಸರ್ವರಿಗೆ ಹೋಗಲಿಕ್ಕಿಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿದ.