ಅಜ್ಜಿಯ ಕಪ್ಪು ನೂಲುಂಡೆ

ಒಂದೇ ಒಂದು ಇಂಗ್ಲಿಷ್ ಮಾತಿನಿಂದ ಅವಳು ಚರ್ಚಾಸ್ಪರ್ಧೆ ಗೆದ್ದಳು ಎಂದು ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಅವಳನ್ನು ಗೆಲ್ಲಿಸಿದ್ದು ನನ್ನ ಅಜ್ಜಿ.

ಅವಳು ನನ್ನ ಸಹಪಾಠಿ, ಶಿರಾದ ಬಟ್ಟೆ ಅಂಗಡಿಯವರ ಮಗಳು. ನಾವು ಐ.ಡಿ.ಹಳ್ಳಿ ಕಡೆಯ ಕುರಿ ಸಾಕುವವರು; ಅಜ್ಜಿ ಇಂದಿಗೂ ಕಂಬಳಿಗೆ ಉಣ್ಣೆ ನೂಲುತ್ತಾಳೆ. ಎಳೆತನದ ನಂಬಿಕೆ ಬದಲಾಗುತ್ತದೆಯೇ ಎಂಬುದು ಅಂದಿನ ವಿಷಯ. ಬದಲಾಗದು ಎಂದ ಅವಳು ‘ಡೈಡ್-ಇನ್-ದ-ವುಲ್’, ಅಂದರೆ ಉಣ್ಣೆಯಲ್ಲೇ ಬಣ್ಣ ಹಿಡಿದದ್ದು, ಎಂಬ ಮಾತು ತೆಗೆದಳು. ಏನೇ ಆದರೂ ತಮ್ಮ ನಂಬಿಕೆ ಬಿಡದವರಿಗೆ ಇಂಗ್ಲಿಷಿನವರು ಹೀಗೆನ್ನುತ್ತಾರಂತೆ. ನೇಯ್ದ ಮೇಲೆ ಹಾಕಿದ ಬಣ್ಣ ಮೇಲೆಮೇಲೆ ಕೂರುತ್ತದೆ. ನೂಲುವ ಮೊದಲೇ ಉಣ್ಣೆಯನ್ನು ಅದ್ದಿದರೆ ಎಳೆಎಳೆಗೂ ಹಿಡಿಯುತ್ತದೆ. ಮಾತು ಹುಟ್ಟಿದ್ದು ಅಲ್ಲಿಂದ. ನಮ್ಮ ಕಡೆಯ ಕಂಬಳಿಯವರೂ ಹೀಗೇ ಅದ್ದುತ್ತಿದ್ದರು ಎಂದಳು.

ಎದುರು ಪಕ್ಷದಲ್ಲಿದ್ದ ನನಗೆ ಅಷ್ಟೇ ಸಾಕಾಗಿತ್ತು. ಎದ್ದು ನಿಂತು, ಅಂಗಡಿಯಲ್ಲಿ ಮಡಿಸಿಟ್ಟ ಬಟ್ಟೆ ನೋಡಿದವರಿಗೆ ಉಣ್ಣೆಯ ಉಸಾಬರಿ ಯಾಕೆ ಎಂದೆ. ನಮ್ಮಲ್ಲಿ ಬಣ್ಣವೇ ಹಾಕುವುದಿಲ್ಲ. ಕರಿ ಕುರಿಯ ಉಣ್ಣೆಯನ್ನು ಕತ್ತರಿಸುವಾಗಲೇ ಬೇರೆ ಇಡುತ್ತೇವೆ, ಕಂಬಳಿಯ ಕಪ್ಪೆಲ್ಲ ಕುರಿಯದೇ ಎಂದೆ. ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದು, ಅವಳು ಚೀಲದಿಂದ ಒಂದು ನೂಲುಂಡೆ ತೆಗೆದು, ಕೊರಟಗೆರೆಯಿಂದ ಬಂದಿದ್ದ ತೀರ್ಪುಗಾರರ ಮುಂದಿಟ್ಟಳು.

“ಕರಿ ಉಣ್ಣೆ ಸಾಲದಾದಾಗ ಬಿಳೀದನ್ನ ಜಾಲಿಕಾಯಿ, ತುಕ್ಕು ಹಿಡಿದ ಕಬ್ಬಿಣ ಹಾಕಿ ಕುದಿಸ್ತಿದ್ರಂತೆ ಸರ್. ಇದು ಇವರಜ್ಜಿ ಮದುವೆಯಾದ ವರ್ಷ ಅದ್ದಿ ನೂಲಿದ್ದು, ಬಣ್ಣ ಇನ್ನೂ ಬಿಟ್ಟಿಲ್ಲ. ಅವರೇ ಕೊಟ್ರು.”

ಆ ಉಂಡೆಯನ್ನು ನಾನು ಕಂಡೇ ಇರಲಿಲ್ಲ. ನಾನು ಪಾವಗಡದ ಸ್ಪರ್ಧೆಗಳಿಗೆ ಹೋಗಿದ್ದ ಎರಡು ಭಾನುವಾರ ಅವಳು ನಮ್ಮ ಜಗುಲಿಯ ಮೇಲೆ ಕೂತು, ಅಜ್ಜಿ ಕೊಟ್ಟ ಎಲೆ ಅಡಿಕೆ ಹಾಕಿಕೊಂಡು, ನೂಲುವುದನ್ನು ಕಲಿತಿದ್ದಳಂತೆ. ಬಹುಮಾನ ಹೋದದ್ದನ್ನು ವಾರದಲ್ಲಿ ಮರೆತೆ. ಆ ಜಗುಲಿಯನ್ನು ಮರೆಯಲಾಗಲಿಲ್ಲ.

ಮನೆಯ ವಿಚಾರ ಹೊರಗಿನವಳಿಗೆ ಯಾಕೆ ಹೇಳಿದೆ ಎಂದು ಅಜ್ಜಿಯ ಮೇಲೆ ರೇಗಿದೆ. ಅಜ್ಜಿ ನೂಲುತ್ತಲೇ ಹೇಳಿದಳು.

“ಒಳ್ಳೆ ಹುಡ್ಗಿ ಕಣ್ಲಾ. ಕೂತ್ಕಂಡು ಕೇಳ್ತದೆ. ನಿನ್ನಂಗೆ ಮಧ್ಯ ಬಾಯಿ ಹಾಕಾಕಿಲ್ಲ.”

ಆ ಹುಡುಗಿ ತೆಗೆದ ಎಳೆಯಲ್ಲಿ ಒಂದು ಗಂಟೂ ಇಲ್ಲ ಎಂದು ಹೊಗಳಿಕೆ ಬೇರೆ. ಪಕ್ಕದಲ್ಲಿ ಹೋಗಿ ಕೂತೆ.

“ಅಜ್ಜಿ, ಅವಳಿಗೆ ಹೇಳ್ದೆ ಇರೋದು ಏನಾದ್ರೂ ಉಳ್ಸಿದ್ದೀಯಾ ನಂಗೆ?”