ಸುವರ್ಣಮ್ಮನ ಸೀಮೆಸುಣ್ಣದ ಗೆರೆ

ಬೆಳಗಿನ ಐದೂವರೆ. ಅರಸೀಕೆರೆಯ ಹಾರನಹಳ್ಳಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಸುವರ್ಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಬ್ಬಿಣದ ಪಟ್ಟಿಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಒಂದು ಕೈಯಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ಸೀಮೆಸುಣ್ಣ. ಅಳೆಯುತ್ತಾರೆ, ಗೆರೆ ಎಳೆಯುತ್ತಾರೆ, ಮತ್ತೆ ಅಳೆಯುತ್ತಾರೆ. ಆರಕ್ಕೆ ತ್ರೀ ಫೇಸ್ ಕರೆಂಟು ಬಂದೊಡನೆ ಮೈದುನ ಗಿಡ್ಡಯ್ಯ ಕತ್ತರಿಸಲು ಶುರು ಮಾಡಬೇಕು. ಅಷ್ಟರೊಳಗೆ ನೂರಿಪ್ಪತ್ತು ಗೆರೆ ಮುಗಿಯಬೇಕು.

ಈ ದಿನ ಮಾತ್ರ ಅವರ ಕಣ್ಣು ಮತ್ತೆ ಮತ್ತೆ ರಸ್ತೆಯ ಕಡೆಗೆ ಹೋಗುತ್ತದೆ. ಮಾದಿಹಳ್ಳಿಯ ಹಾಲಿನ ಸೊಸೈಟಿಯ ಚಾವಣಿ ಹೊರಲು ಏಳು ಕಬ್ಬಿಣದ ಚೌಕಟ್ಟುಗಳು ಈಗಷ್ಟೇ ಲಾರಿಯಲ್ಲಿ ಹೊರಟಿವೆ. ಜೊತೆಗೆ ಗಂಡ ಮರುಳಪ್ಪ ಹೋಗಿದ್ದಾರೆ. ಅಲ್ಲಿ ಕಂಬಗಳ ತಲೆಯಲ್ಲಿ ನೆಟ್ಟಿರುವ ಬೋಲ್ಟುಗಳಿಗೆ ಚೌಕಟ್ಟಿನ ತೂತುಗಳು ಸರಿಯಾಗಿ ಕೂರಬೇಕು. ಕೂರದಿದ್ದರೆ ಏನಾಗುತ್ತದೆಂದು ಈ ಮನೆಯವರಿಗೆ ಚೆನ್ನಾಗಿ ಗೊತ್ತು.

೧೯೯೧ರಲ್ಲಿ ಅಣ್ಣತಮ್ಮಂದಿರು ಒಂದೇ ವೆಲ್ಡಿಂಗ್ ಯಂತ್ರದಿಂದ ಕಿಟಕಿಯ ಸರಳು ಮಾಡಲು ಕೂತಾಗ ಇದ್ದದ್ದು ಒಂದು ಹಳೆಯ ಟೇಪು. ಅದರ ಮೊದಲ ಇಂಚು ತುಂಡಾಗಿತ್ತು. ಇಪ್ಪತ್ತಡಿ ಬೇಕಾದರೆ ಇಪ್ಪತ್ತಡಿ ಒಂದಿಂಚಿಗೆ ಗುರುತು ಹಾಕುವುದು ಇಬ್ಬರ ಕೈಗೂ ರೂಢಿಯಾಯಿತು. ಸುವರ್ಣಮ್ಮನಿಗೆ ಆಗ ಅಡುಗೆಯ ಕೆಲಸ. ಐದು ವರ್ಷದ ಮೇಲೆ ಜಾವಗಲ್ಲಿನ ಕಲ್ಯಾಣಮಂಟಪದ ಚಾವಣಿ ಸಿಕ್ಕಿತು, ಅವರ ಮೊದಲ ದೊಡ್ಡ ಕೆಲಸ. ಆ ವರ್ಷದ ಆಯುಧಪೂಜೆಗೆಂದು ಸುವರ್ಣಮ್ಮ ಹೊಸ ಟೇಪು ತಂದು, ಹಳೆಯದು ತೂಗುತ್ತಿದ್ದ ಮೊಳೆಗೆ ನೇತುಹಾಕಿದರು. ಯಾರಿಗೂ ಹೇಳಲಿಲ್ಲ. ಗಿಡ್ಡಯ್ಯನ ಕೈ ರೂಢಿಯಂತೆ ಹೊಸ ಟೇಪಿನಲ್ಲೂ ಒಂದಿಂಚು ಕೂಡಿಸುತ್ತಲೇ ಹೋಯಿತು.

ಜಾವಗಲ್ಲಿನಲ್ಲಿ ಆರು ಚೌಕಟ್ಟುಗಳಲ್ಲಿ ಒಂದೂ ಕೂರಲಿಲ್ಲ. ನೆರೆದವರಲ್ಲಿ ಒಬ್ಬರು, “ಏನ್ರೀ ಮರುಳಪ್ನೋರೇ, ದಾರೀಲಿ ಕಬ್ಬಿಣ ಬೆಳೀತಾ?” ಅಂದರಂತೆ. ಆರನ್ನೂ ಇಳಿಸಿ, ಬಿಚ್ಚಿ, ಹೊಸದಾಗಿ ಮಾಡಿಕೊಟ್ಟರು. ಎರಡು ವರ್ಷ ಆ ಕಡೆಯಿಂದ ಒಂದು ಬಾಗಿಲಿನ ಕೆಲಸವೂ ಬರಲಿಲ್ಲ.

“ಕೈ ಅವರದ್ದು, ತಪ್ಪು ನಂದು. ಟೇಪು ಬದಲಾಗೈತೆ ಅಂತ ಒಂದ್ಮಾತು ಹೇಳ್ಬೇಕಿತ್ತು,” ಎನ್ನುತ್ತಾರೆ ಸುವರ್ಣಮ್ಮ. ಆ ವಾರವೇ ಅವರು ಸೀಮೆಸುಣ್ಣ ಹಿಡಿದರು. ಏಳನೇ ಕ್ಲಾಸಿನ ಲೆಕ್ಕ ಸಾಕಾಯಿತು. ಈಗ ೨೦೦೪; ಎಂಟು ವರ್ಷದಿಂದ ಅವರ ಗೆರೆ ಬೀಳದೆ ಇಲ್ಲಿ ಒಂದು ಸರಳೂ ತುಂಡಾಗುವುದಿಲ್ಲ. ಮಂಡಿ ನೋಯುತ್ತದೆ, ಬೇಸಿಗೆಯಲ್ಲಿ ಕಬ್ಬಿಣ ಅಂಗೈ ಸುಡುತ್ತದೆ.

“ಅತ್ತಿಗೆ, ಇನ್ನೂ ನನ್ ಕೈ ಮೇಲೆ ನಂಬಿಕೆ ಬಂದಿಲ್ವಾ?” ಗಿಡ್ಡಯ್ಯ ಛೇಡಿಸುತ್ತಾರೆ.

“ಕೈ ಮೇಲೆ ಐತಪ್ಪ. ಅದರ ಅಭ್ಯಾಸದ ಮೇಲಿಲ್ಲ.”

ತುಂಡು ಟೇಪು ಈಗಲೂ ದೇವರ ಪಟದ ಪಕ್ಕ ತೂಗುತ್ತಿದೆ. ಆಯುಧಪೂಜೆಯ ದಿನ ಯಂತ್ರಗಳಿಗಿಂತ ಮೊದಲು ಅದಕ್ಕೆ ಕುಂಕುಮ. ಅದು ಸುಳ್ಳು ಹೇಳಲಿಲ್ಲ, ತನಗೆ ಒಂದಿಂಚು ಇಲ್ಲವೆಂದು ಎಲ್ಲರಿಗೂ ತೋರಿಸಿಕೊಂಡೇ ಇತ್ತು ಎಂಬುದು ಸುವರ್ಣಮ್ಮನ ವಾದ.

ಹನ್ನೊಂದಕ್ಕೆ ಫೋನು ಬಡಿಯುತ್ತದೆ. ಗಿಡ್ಡಯ್ಯ ಯಂತ್ರ ನಿಲ್ಲಿಸುತ್ತಾರೆ. ಮಾದಿಹಳ್ಳಿಯ ಬೂತಿನಿಂದ ಮರುಳಪ್ಪನ ದನಿ ಶೆಡ್ಡಿಗೆಲ್ಲ ಕೇಳುವಷ್ಟು ಜೋರು: “ಏಳೂ ಕೂತ್ವು ಕಣೇ. ಸುತ್ತಿಗೆ ಮುಟ್ಲಿಲ್ಲ.”

ಸುವರ್ಣಮ್ಮ ಫೋನಿಟ್ಟು, ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ತುಸು ನಾಚುತ್ತಾರೆ.

“ನಾನು ಗೆರೆ ಎಳೆದಿದ್ನೆಲ್ಲ ಇಲ್ಲಿ ನೆಲದ ಮೇಲೆ ಮಲಗಿದ್ದಾಗ್ಲೇ ನೋಡಿರೋದು ಕಣ್ರೀ, ನಿಂತಿರೋದ್ನ ಒಂದೂ ನೋಡಿಲ್ಲ. ಮಾದಿಹಳ್ಳಿಗೆ ಒಂದಿನ ಹಾಲು ಹಾಕೋ ಹೊತ್ಗೆ ಹೋಗಿ, ಅದರ ಕೆಳಗೆ ನಿಂತು ತಲೆ ಎತ್ತಿ ನೋಡ್ಬೇಕು.”