ಟಬ್ಬಿನಲ್ಲಿ ನಿಂತು ಡ್ರೋನ್ ಕಲಿತ ಏಣಿಯಣ್ಣ

ಬೆಳಕು ಹರಿಯುವಷ್ಟರಲ್ಲಿ ಏಣಿಯಣ್ಣ ಹಿತ್ತಿಲಲ್ಲಿ, ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿನೊಳಗೆ ನಿಂತಿದ್ದಾರೆ. ಪ್ಯಾಂಟು ಮೊಣಕಾಲಿನವರೆಗೆ ಮಡಚಿದೆ. ಕೈಯಲ್ಲಿ ರಿಮೋಟು, ತಲೆಯ ಮೇಲೆ ಡ್ರೋನು, ಅಡುಗೆಮನೆ ಕಿಟಕಿಯಲ್ಲಿ ಹೆಂಡತಿಯ ಕಾವಲು.

“ರೀ, ನೀರು ಅಲ್ಲಾಡ್ತು!”

“ಗಾಳಿ ಕಣೇ.”

“ಗಾಳಿಗೆ ಬಲಗಾಲು ಮೇಲೇಳುತ್ತಾ?”

ಸೋರುವ ಚಾವಣಿ ಹತ್ತಿ ಒಡೆದ ಹೆಂಚು ಹುಡುಕಿಕೊಡುವುದು ಇವರ ಕಸುಬು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಮಂಡಿ ಕೈಕೊಟ್ಟ ಮೇಲೆ ಡ್ರೋನ್ ಕೊಂಡರು. ಆದರೆ ಲೈಸೆನ್ಸ್ ಇಲ್ಲದೆ ಅದನ್ನು ಹಾರಿಸಿ ಕೂಲಿ ಪಡೆಯುವಂತಿಲ್ಲ. ತರಬೇತಿ ಶಾಲೆ ಸೇರಿ ಬರೆಯುವ ಪರೀಕ್ಷೆ ಪಾಸಾದರು. ಹಾರಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಡ್ರೋನ್ ಇಳಿಯುವ ತನಕ ಹಾರಿಸುವವರು ತಾವು ನಿಂತ ಸುಣ್ಣದ ಚೌಕ ದಾಟಬಾರದೆಂಬುದು ಅಲ್ಲಿಯ ನಿಯಮ. ಇವರೋ, ಡ್ರೋನ್ ಏರಿದ ಕೂಡಲೇ ಏಣಿ ಹತ್ತುವವರಂತೆ ಕಾಲೆತ್ತುತ್ತಾರೆ. ಎತ್ತಿದ ಕಾಲು ಇಳಿಯುವುದು ಗೆರೆಯಾಚೆಗೆ.

“ಮೇಲೆ ಹೋಗೋದು ಅಂದ್ರೆ ಈ ಕಾಲಿಗೆ ಗೊತ್ತಿರೋದು ಒಂದೇ ದಾರಿ. ಇದಕ್ಕೆ ಯಾರು ಪಾಠ ಹೇಳ್ತಾರೆ?” ಎನ್ನುತ್ತಾರೆ ಏಣಿಯಣ್ಣ.

ಹೇಳಿದ್ದು ಹೆಂಡತಿ. ಟಬ್ಬು ಅವರದೇ ಉಪಾಯ: ಕಾಲೆತ್ತಿದರೆ ನೀರೇ ಚಾಡಿ ಹೇಳುತ್ತದೆ. ಅಸಲಿಗೆ ಅದರ ಜಾಗ ಮಲಗುವ ಕೋಣೆ, ಚಾವಣಿ ಸೋರುವಲ್ಲಿ. “ಊರವರ ಮನೆ ಸೋರಿದ್ರೆ ಓಡ್ತಾರೆ. ನಮ್ಮನೇದು ಕೇಳಿದ್ರೆ, ನಾಳೆ!”

ಇವತ್ತು ಮೂರನೆಯ ಪರೀಕ್ಷೆ. ಇದೂ ಕೈತಪ್ಪಿದರೆ ಮತ್ತೆ ಏಣಿಯೇ ಗತಿ, ಅದಕ್ಕೆ ಮಂಡಿ ಒಪ್ಪುವುದಿಲ್ಲ.

ಮೈದಾನದ ಚೌಕದಲ್ಲಿ ನಿಂತ ಏಣಿಯಣ್ಣ ಚಪ್ಪಲಿ ಕಳಚಿ, ಪ್ಯಾಂಟು ಮಡಚುತ್ತಾರೆ.

“ಏನ್ರೀ, ನೀರಿಗಿಳೀತೀರಾ?” ಎನ್ನುತ್ತಾರೆ ಪರೀಕ್ಷಕರು.

“ಇಳಿದಾಯ್ತು ಸಾರ್.”

ಡ್ರೋನ್ ಏರುತ್ತದೆ, ಸುತ್ತುತ್ತದೆ, ಹೇಳಿದ ಜಾಗಕ್ಕೇ ಇಳಿಯುತ್ತದೆ. ಬಲಗಾಲ ಹೆಬ್ಬೆರಳು ಮಾತ್ರ ಒಮ್ಮೆ ತಲೆಯೆತ್ತಿ, ಅತ್ತಿತ್ತ ನೋಡಿ, ಸುಮ್ಮನೆ ಮಲಗುತ್ತದೆ. ಪಾಸು!

ಲೈಸೆನ್ಸ್ ಕೈಗೆ ಬಂದ ದಿನ ಮೊದಲ ಗಿರಾಕಿಯ ಸರದಿ. ಗಿರಾಕಿ ಹೆಂಡತಿಯೇ, ಕೂಲಿ ಕೇಳುವಂತಿಲ್ಲ. ಡ್ರೋನ್ ಸ್ವಂತ ಮನೆಯ ಮೇಲೆ ನಿಲ್ಲುತ್ತದೆ. ಏಣಿಯಣ್ಣ ರಿಮೋಟಿನ ಪರದೆಯನ್ನು ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಳ್ಳುತ್ತಾರೆ. “ಸಿಕ್ತು ನೋಡು. ಮೂಲೆಯ ಹೆಂಚು ಒಡೆದಿದೆ.”

“ಮೂಲೇಲಿ ಅಂತ ನಾನು ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಹೇಳಿದ್ದೆ. ಯಾವ ಲೈಸೆನ್ಸೂ ಇಲ್ಲದೆ!”

“ಅದಿರಲಿ,” ಎನ್ನುತ್ತಾರೆ ಏಣಿಯಣ್ಣ, ಆಕಾಶದಿಂದ ಕಣ್ಣು ಕೀಳದೆ. “ನನ್ನ ಕಾಲು ನೋಡೇ. ಎರಡೂ ನೆಲದ ಮೇಲಿವೆ.”